ಬಡ್ತಿ ಬಂದ ಮೇಲೆ



ಉದ್ಯೋಗದಲ್ಲಿ ಮೇಲೇರುವುದು, ನಾಲ್ಕು ಜನರನ್ನು ಜೊತೆಗೆ ಕರೆದುಕೊಂಡು ನಡೆಯುವುದು, ಇದರ ನಡುವೆ ಮೈಮನಸ್ಸು ಕೆಡದಂತೆ ಕಾಪಾಡಿಕೊಳ್ಳುವುದು, ಈ ಮೂರನ್ನೂ ಒಂದೇ ಉಪನ್ಯಾಸದಲ್ಲಿ ಹೇಳಿ ಎಂದು ಕೇಳಿದ್ದೀರಿ. ಇಂಥ ವಿಷಯಕ್ಕೆ ಸಾಮಾನ್ಯವಾಗಿ ಬೆಂಗಳೂರಿನಿಂದ ವ್ಯಕ್ತಿತ್ವ ವಿಕಸನದ ತರಬೇತುದಾರರನ್ನು ಕರೆಸುತ್ತಾರೆ. ಅವರು ಪರದೆಯ ಮೇಲೆ ಒಂದು ತ್ರಿಕೋನ ತೋರಿಸುತ್ತಾರೆ, ಬೆಳಿಗ್ಗೆ ಐದಕ್ಕೆ ಏಳಿ ಅನ್ನುತ್ತಾರೆ, ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಳ್ಳಿ ಅನ್ನುತ್ತಾರೆ. ನಾನು ಕಂದಾಯ ಇಲಾಖೆಗೆ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿ, ಶಿರಸ್ತೇದಾರಳಾಗಿ, ಗ್ರೇಡ್-2 ತಹಶೀಲ್ದಾರಳಾಗಿ ನಿವೃತ್ತಳಾದವಳು. ನನಗೆ ಗೊತ್ತಿರುವುದು ಕಡತ, ಟಪಾಲು, ಜಮಾಬಂದಿ. ಬೆಳಿಗ್ಗೆ ಐದಕ್ಕೆ ಏಳುವುದನ್ನಂತೂ ಈ ಜಗಳೂರು ತಾಲ್ಲೂಕಿನ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಲ್ಲಿಯಲ್ಲಿ ನೀರು ಯಾವಾಗ ಬಿಡುತ್ತಾರೋ ಆಗ ಎದ್ದೇ ಇರುತ್ತಾರೆ.

ಆದ್ದರಿಂದ ಉಸಿರಾಟದ ವಿಷಯವನ್ನು ತಿಳಿದವರಿಗೆ ಬಿಟ್ಟು ನಾನು ಕಚೇರಿಯ ವಿಷಯಕ್ಕೆ ಬರುತ್ತೇನೆ. ಬಡ್ತಿ ಬಂದರೆ ಸಂಬಳ ಸ್ವಲ್ಪ ಏರುತ್ತದೆ, ಕುರ್ಚಿ ಬದಲಾಗುತ್ತದೆ, ನೆಂಟರು ಮದುವೆ ಪತ್ರಿಕೆಯಲ್ಲಿ ಹುದ್ದೆಯ ಹೆಸರನ್ನೂ ಸೇರಿಸಿ ಅಚ್ಚು ಹಾಕಿಸುತ್ತಾರೆ. ಇವೆಲ್ಲ ಕಣ್ಣಿಗೆ ಕಾಣುವಂಥವು. ಇವುಗಳ ಜೊತೆಗೆ ಯಾವ ಆದೇಶದಲ್ಲೂ ಬರೆಯದ ಇನ್ನೊಂದು ಸಂಗತಿಯೂ ಕೈಗೆ ಬರುತ್ತದೆ: ಬೇರೆಯವರ ಹೊತ್ತಿನ ಮೇಲಿನ ಹಿಡಿತ. ನಿನ್ನೆಯವರೆಗೆ ನನ್ನ ಸಂಜೆ ನನ್ನ ಸಾಹೇಬರ ಕೈಯಲ್ಲಿತ್ತು, ಇವತ್ತಿನಿಂದ ಹತ್ತು ಜನರ ಸಂಜೆ ನನ್ನ ಕೈಯಲ್ಲಿದೆ. ನೌಕರರ ನೆಮ್ಮದಿ ಬಹುಪಾಲು ಅಲ್ಲೇ, ಮೇಲಿನವರು ಕೆಲಸ ಹಂಚುವ ರೀತಿಯಲ್ಲೇ, ತೀರ್ಮಾನವಾಗಿಬಿಡುತ್ತದೆ. ಆದರೂ ನಾವು ಅದನ್ನು ಅವರವರ ಆರೋಗ್ಯದ, ಅವರವರ ಸ್ವಭಾವದ ವಿಚಾರ ಎಂಬಂತೆ ಮಾತಾಡುತ್ತೇವೆ. ಗುಮಾಸ್ತನಿಗೆ ಬಿ.ಪಿ. ಬಂದರೆ ಉಪ್ಪು ಕಡಿಮೆ ಮಾಡಪ್ಪಾ ಅನ್ನುತ್ತೇವೆ. ರಾತ್ರಿ ಹತ್ತು ಗಂಟೆಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೀಳುವ ಸೂಚನೆಗಳನ್ನು ಕಡಿಮೆ ಮಾಡಿ ಸಾರ್ ಎಂದು ಅವನ ಅಧಿಕಾರಿಗೆ ಹೇಳಿದವರನ್ನು ನಾನು ಕಾಣೆ.

2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಕೆಲಸ ನಿಲ್ಲಿಸಿ ತಾಲ್ಲೂಕು ಕಚೇರಿಗಳ ಮುಂದೆ ಶಾಮಿಯಾನ ಹಾಕಿ ಕೂತರು. 2025ರ ಫೆಬ್ರುವರಿಯಲ್ಲಿ ಮತ್ತೆ ಕೂತರು. ಮುಷ್ಕರ ಅಂದರೆ ಸಂಬಳಕ್ಕೆ ಎಂದುಕೊಳ್ಳುವುದು ನಮಗೆ ರೂಢಿ. ಇವರ ಬೇಡಿಕೆ ಪಟ್ಟಿಯನ್ನು ಓದಿದವರಿಗೆ ಬೇರೆಯೇ ಒಂದು ಚಿತ್ರ ಸಿಗುತ್ತದೆ. ಹದಿನೇಳಕ್ಕೂ ಹೆಚ್ಚು ಮೊಬೈಲ್ ಮತ್ತು ವೆಬ್ ತಂತ್ರಾಂಶಗಳಲ್ಲಿ ಕೆಲಸ ಮಾಡಿಸುತ್ತಿದ್ದೀರಿ, ಅದಕ್ಕೆ ಬೇಕಾದ ಮೊಬೈಲು, ಲ್ಯಾಪ್‌ಟಾಪು, ಇಂಟರ್ನೆಟ್ಟು ಕೊಡಿ ಎಂಬುದು ಒಂದು. ಕೂರಲು ಮೇಜು ಕುರ್ಚಿ ಕೊಡಿ ಎಂಬುದು ಇನ್ನೊಂದು. ರಜಾದಿನಗಳಲ್ಲಿ ಕೆಲಸ ಹೇಳಿ ಮೆಮೊ ಹಾಕಬೇಡಿ, ಗಂಡ ಒಂದು ಜಿಲ್ಲೆ ಹೆಂಡತಿ ಒಂದು ಜಿಲ್ಲೆ ಆಗಿರುವವರಿಗೆ ಅಂತರ ಜಿಲ್ಲಾ ವರ್ಗಾವಣೆ ಕೊಡಿ. ಮೇಜು, ಕುರ್ಚಿ, ಭಾನುವಾರ, ಒಂದೇ ಊರಿನಲ್ಲಿ ಸಂಸಾರ. ಇದನ್ನು ಕೇಳಲು ರಾಜ್ಯದುದ್ದಕ್ಕೂ ಸಾವಿರಾರು ಜನ ಬೀದಿಗೆ ಬರಬೇಕಾಯಿತು.

ಈ ಹುದ್ದೆಯ ಚರಿತ್ರೆ ನಿಮ್ಮಲ್ಲಿ ಹಿರಿಯರಿಗೆ ಗೊತ್ತು. ಶಾನುಭೋಗರ ಕಾಲದಲ್ಲಿ ಅದು ವಂಶಪಾರಂಪರ್ಯದ ಹಕ್ಕು. 1961ರ ಗ್ರಾಮ ಕಚೇರಿಗಳ ರದ್ದಿಯಾತಿ ಕಾಯ್ದೆ ಅದನ್ನು ತೆಗೆದುಹಾಕಿತು, ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಈಗ ಅವರಿಗೆ ಗ್ರಾಮ ಆಡಳಿತ ಅಧಿಕಾರಿ ಎಂದು ಹೆಸರು. ಹೆಸರಿನಲ್ಲಿ ಬಡ್ತಿ ಸಿಕ್ಕಿತು, ಕುರ್ಚಿ ಇನ್ನೂ ಬೇಡಿಕೆ ಪಟ್ಟಿಯಲ್ಲಿದೆ.

ನಮ್ಮ ಜಗಳೂರು ತಾಲ್ಲೂಕಿಗೆ ಕಸಬಾ, ಬಿಳಿಚೋಡು, ಸೊಕ್ಕೆ ಎಂದು ಮೂರು ಹೋಬಳಿ. ಮಳೆ ಬಂದರೆ ಮೆಕ್ಕೆಜೋಳ, ಶೇಂಗಾ, ಈರುಳ್ಳಿ. ಬಾರದಿದ್ದರೆ ಬರ ಪರಿಹಾರದ ಅರ್ಜಿ. 2023ರಲ್ಲಿ ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ಪರಿಹಾರದ ಮೊದಲ ಕಂತು, ಹೆಚ್ಚೆಂದರೆ 2,000 ರೂಪಾಯಿ, 2024ರ ಆರಂಭದಲ್ಲಿ ನೇರವಾಗಿ ರೈತರ ಬ್ಯಾಂಕ್ ಖಾತೆಗೆ ಬಂತು. ಯಾರಿಗೆ ಬರಬೇಕು ಎಂಬುದನ್ನು ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದ ಗುರುತಿನ ಸಂಖ್ಯೆ, ಬೆಳೆ ಸಮೀಕ್ಷೆಯ ವಿವರ, ಆಧಾರ್ ಜೋಡಣೆ ಇವೆಲ್ಲ ಸೇರಿ ತೀರ್ಮಾನ ಮಾಡಿದವು. ಬಾರದವರು ಹೋಗಿ ಕೇಳಿದ್ದು ಯಾರನ್ನು? ತಂತ್ರಾಂಶ ಬರೆದವರನ್ನಲ್ಲ. ಊರ ಕಟ್ಟೆಯ ಹತ್ತಿರ ಬೈಕ್ ನಿಲ್ಲಿಸಿದ ಗ್ರಾಮ ಆಡಳಿತ ಅಧಿಕಾರಿಯನ್ನು. 'ಪಕ್ಕದ ಹೊಲದೋನಿಗೆ ಬಂದೈತೆ, ನಂಗ್ಯಾಕ್ ಬಂದಿಲ್ಲ?' ಎಂಬ ಪ್ರಶ್ನೆಗೆ ಆತನ ಹತ್ತಿರ ಉತ್ತರವಿಲ್ಲ, ಸರಿಪಡಿಸುವ ಗುಂಡಿಯೂ ಅವನ ಮೊಬೈಲಿನಲ್ಲಿಲ್ಲ. ಬೈಸಿಕೊಳ್ಳುವ ಜವಾಬ್ದಾರಿ ಮಾತ್ರ ಅವನದು. ಮನುಷ್ಯರನ್ನು ದುಡಿಮೆ ಒಂದು ಹಂತದವರೆಗೆ ದಣಿಸುತ್ತದೆ, ಊಟ ಮಾಡಿ ಮಲಗಿದರೆ ಆ ದಣಿವು ಹೋಗುತ್ತದೆ. ಅಧಿಕಾರವಿಲ್ಲದೆ ಹೊರುವ ಹೊಣೆ ಹಾಗಲ್ಲ, ಅದು ನಿದ್ದೆಯೊಳಗೂ ಬರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇಂಥ ಸ್ಥಿತಿಯನ್ನು ತನ್ನ ರೋಗಗಳ ವರ್ಗೀಕರಣದಲ್ಲಿ ಸೇರಿಸಿತು. ಶಕ್ತಿ ಬತ್ತಿಹೋದ ಭಾವ, ಮಾಡುವ ಕೆಲಸದ ಬಗ್ಗೆಯೇ ತಾತ್ಸಾರ, ನನ್ನಿಂದ ಏನೂ ಆಗುತ್ತಿಲ್ಲ ಎಂಬ ಅನಿಸಿಕೆ, ಇವು ಮೂರು ಅದರ ಗುರುತು. ಒಂದು ಸೂಕ್ಷ್ಮ ಗಮನಿಸಿ: ಅವರು ಇದನ್ನು ಕಾಯಿಲೆ ಎಂದು ಕರೆಯಲಿಲ್ಲ, ಕೆಲಸದ ಸ್ಥಳಕ್ಕೆ ಸಂಬಂಧಪಟ್ಟ ಸ್ಥಿತಿ ಎಂದರು. ಬಹಳ ಕಾಲದಿಂದ ಸರಿಪಡಿಸದೆ ಬಿಟ್ಟ ಕಚೇರಿಯ ಒತ್ತಡದಿಂದ ಅದು ಬರುತ್ತದೆ ಎಂದರು. ಕೆಟ್ಟಿರುವುದು ಕಚೇರಿಯಾದರೆ ನೌಕರನಿಗೆ ಮಾತ್ರೆ ಬರೆದುಕೊಟ್ಟು ಎಷ್ಟು ದಿನ ನಡೆಸುವುದು?

ಇನ್ನು ನಮ್ಮ ಕಚೇರಿಗಳ 'ಪ್ರಭಾರ' ಎಂಬ ವ್ಯವಸ್ಥೆ. ರಾಜ್ಯ ಸರ್ಕಾರದ ಇಲಾಖೆಗಳಲ್ಲಿ 2.5 ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ ಬಿದ್ದಿವೆ ಎಂದು ವಿಧಾನಮಂಡಲದಿಂದ ಹಿಡಿದು ಚಹಾದಂಗಡಿಯವರೆಗೆ ಎಲ್ಲರಿಗೂ ಗೊತ್ತು. ಹುದ್ದೆ ಖಾಲಿ ಇದ್ದರೆ ಕೆಲಸ ಖಾಲಿ ಇರುವುದಿಲ್ಲವಲ್ಲ. ಅದು ಪಕ್ಕದ ಮೇಜಿಗೆ ಹೋಗುತ್ತದೆ. ಯಾರ ಮೇಜಿಗೆ? ಕೊಟ್ಟ ಕೆಲಸವನ್ನು ಚೆನ್ನಾಗಿ ಮಾಡುವವರ ಮೇಜಿಗೆ. ಮಾಡದವನಿಗೆ ಯಾರೂ ಪ್ರಭಾರ ಕೊಡುವುದಿಲ್ಲ. ಅವನು ಐದೂವರೆಗೆ ಹೆಲ್ಮೆಟ್ ಕೈಗೆತ್ತಿಕೊಳ್ಳುತ್ತಾನೆ. ಹೀಗೆ ದಕ್ಷತೆಗೆ ಶಿಕ್ಷೆ, ಸೋಮಾರಿತನಕ್ಕೆ ಸಂಬಳ ಎಂಬ ಪದ್ಧತಿಯನ್ನು ನಾವೇ ನಡೆಸಿಕೊಂಡು ಬಂದಿದ್ದೇವೆ. ಸೇವೆಯಲ್ಲಿದ್ದಾಗ ಇದನ್ನು ನಾನೂ ಅನುಭವಿಸಿದ್ದೇನೆ. ಮೇಲೆ ಕೂತಾಗ ತಡೆಯುವ ದಾರಿಯನ್ನು ಕಲಿತದ್ದು ನನಗಿಂತ ವಯಸ್ಸಿನಲ್ಲಿ ಚಿಕ್ಕವರಾದ ಒಬ್ಬ ತಹಶೀಲ್ದಾರರಿಂದ. ಸೋಮವಾರದ ಸಭೆಯಲ್ಲಿ ಹೊಸ ಕೆಲಸ ಹಂಚುವ ಮೊದಲು ಅವರು ಕೇಳುತ್ತಿದ್ದರು: 'ಇದನ್ನ ಹಿಡಿಯೋದಾದ್ರೆ ಈ ವಾರ ಯಾವುದನ್ನ ಬಿಡ್ತೀರಾ?' ಮೊದಮೊದಲು ಯಾರೂ ಬಾಯಿ ಬಿಡುತ್ತಿರಲಿಲ್ಲ. ಸಾಹೇಬರು ಪರೀಕ್ಷೆ ಮಾಡುತ್ತಿದ್ದಾರೆ ಎಂದು ಎಲ್ಲರಿಗೂ ಅನುಮಾನ. ಆಮೇಲೆ ಒಬ್ಬ ಹಳೆಯ ಕೇಸ್ ವರ್ಕರ್ ಧೈರ್ಯ ಮಾಡಿ, 'ಸಾರ್, ಒಂದೇ ವರದೀನ ಮೂರು ನಮೂನೇಲಿ ಕಳಿಸ್ತಿದೀವಿ, ಎರಡು ಬಿಡ್ಬೋದು' ಎಂದ. ಬಿಟ್ಟರು. ಆ ಎರಡು ವರದಿ ಬರಲಿಲ್ಲವೆಂದು ಮೇಲಿನಿಂದ ಯಾರೂ ಕೇಳಲೂ ಇಲ್ಲ.

ನಾಯಕತ್ವದ ಮೇಲೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕಗಳು ದಾವಣಗೆರೆ ಬಸ್ ನಿಲ್ದಾಣದ ಅಂಗಡಿಯಲ್ಲೂ ಸಿಗುತ್ತವೆ. ತಾಲ್ಲೂಕು ಮಟ್ಟದ ಅಧಿಕಾರಿಗೆ ಓದಲು ಕೊಡಬೇಕಾದ ಪುಸ್ತಕ ಯಾವುದು ಎಂದು ನನ್ನನ್ನು ಕೇಳಿದರೆ ಎಂ.ಆರ್. ಶ್ರೀನಿವಾಸಮೂರ್ತಿಯವರ 'ರಂಗಣ್ಣನ ಕನಸಿನ ದಿನಗಳು' ಅನ್ನುತ್ತೇನೆ. ಎಂ.ಆರ್.ಶ್ರೀ. ಅವರು 1950ರ ಸೊಲ್ಲಾಪುರ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು, ವಚನ ಸಾಹಿತ್ಯದ ವಿದ್ವಾಂಸರು, ಹೊಟ್ಟೆಪಾಡಿಗೆ ವಿದ್ಯಾಭ್ಯಾಸ ಇಲಾಖೆಯ ಅಧಿಕಾರಿ. ಕಾದಂಬರಿಯ ರಂಗಣ್ಣ ಜನಾರ್ದನಪುರದ ರೇಂಜಿಗೆ ಶಾಲಾ ಇನ್ಸ್‌ಪೆಕ್ಟರ್ ಆಗಿ ಹೋಗುತ್ತಾನೆ. ಹೋಗುವ ಮುಂಚೆ ಅವನನ್ನು ಸೆಳೆದದ್ದು ಏನು ಗೊತ್ತೆ? ಸ್ನೇಹಿತನ ತಲೆಯ ಮೇಲಿನ ಜರಿಪೇಟ. ಲೇಖಕರು ಇದನ್ನು ಮುಚ್ಚಿಡುವುದಿಲ್ಲ, ಅದೇ ನನಗೆ ಇಷ್ಟ. ಬಡ್ತಿಯ ಆಸೆ ಪೇಟದಿಂದಲೇ ಶುರುವಾಗುತ್ತದೆ, ಅದರಲ್ಲಿ ನಾಚಿಕೊಳ್ಳುವಂಥದ್ದೇನಿಲ್ಲ. ಪೇಟ ತಲೆಗೆ ಬಂದ ಮೇಲೆ ರಂಗಣ್ಣ ಬೈಸಿಕಲ್ ಹತ್ತಿ ಹಳ್ಳಿ ಹಳ್ಳಿ ತಿರುಗುತ್ತಾನೆ. ಮೇಷ್ಟರುಗಳು ಇನ್ಸ್‌ಪೆಕ್ಟರನ್ನು ಕಂಡರೆ ನಡುಗುವ ಕಾಲ ಅದು. ಅವನು ಉಪಾಧ್ಯಾಯರ ಸಂಘದ ಸಭೆಗಳಿಗೆ ಜೀವ ಕೊಡುತ್ತಾನೆ, ಅವರ ಜೊತೆಗೆ ಕೂತು ಊಟ ಮಾಡುತ್ತಾನೆ, ತಪ್ಪು ಮಾಡಿದವರನ್ನು ದಂಡಿಸುವ ಮೊದಲು ಅವರ ಮನೆಯ ಕಷ್ಟ ಕೇಳುತ್ತಾನೆ.

ಇಷ್ಟಾದರೂ ರಂಗಣ್ಣನಿಗೆ ನೆಮ್ಮದಿ ಸಿಗುವುದಿಲ್ಲ ಎಂಬುದು ಆ ಪುಸ್ತಕದ ದೊಡ್ಡ ಗುಣ. ಊರಿನ ಮುಖಂಡರು ವಿರೋಧ ಕಟ್ಟಿಕೊಳ್ಳುತ್ತಾರೆ, ಅರ್ಜಿಗಳು ಮೇಲೆ ಹೋಗುತ್ತವೆ. ಕೆಳಗಿನವರಿಗೆ ನೆರಳಾಗಿ ನಿಂತವರ ಮೇಲೆ ಬಿಸಿಲು ಬಿದ್ದೇ ಬೀಳುತ್ತದೆ. ಒಳ್ಳೆಯ ಅಧಿಕಾರಿಯಾದರೆ ಎಲ್ಲವೂ ಸರಿಹೋಗುತ್ತದೆ ಎಂದು ಹೇಳುವ ತರಬೇತುದಾರರಿಗಿಂತ ಎಂ.ಆರ್.ಶ್ರೀ. ಪ್ರಾಮಾಣಿಕರು.

ಹಾಗಾದರೆ ಮೇಲೆ ಹೋಗಬೇಕೆಂಬ ಆಸೆ ಈಡೇರದಿದ್ದರೆ? ಇದಕ್ಕೆ ನಮ್ಮಲ್ಲಿರುವ ದೊಡ್ಡ ಉದಾಹರಣೆ ಮಾಸ್ತಿ ವೆಂಕಟೇಶ ಅಯ್ಯಂಗಾರ್. ಮಾಸ್ತಿ ಎಂದರೆ ಸಾಹಿತಿ ಎಂದೇ ನೆನಪಾಗುತ್ತದೆ. ನಮ್ಮಂಥ ನೌಕರರು ಅವರನ್ನು ನೌಕರನಾಗಿಯೂ ನೋಡಬೇಕು. 1891ರಲ್ಲಿ ಹುಟ್ಟಿ, ಮದರಾಸಿನಲ್ಲಿ ಎಂ.ಎ. ಮಾಡಿ, 1914ರಲ್ಲಿ ಮೈಸೂರು ಸಿವಿಲ್ ಸರ್ವೀಸಿಗೆ ಸೇರಿದರು. ಸಂಸ್ಥಾನದ ಊರೂರು ತಿರುಗಿ ಹಂತಹಂತವಾಗಿ ಮೇಲೆ ಬಂದರು. 1942ರಲ್ಲಿ ಮಹಾರಾಜರು ರಾಜಸೇವಾಸಕ್ತ ಎಂಬ ಬಿರುದು ಕೊಟ್ಟರು. ಮರುವರ್ಷ, ಮಂತ್ರಿಯ ಸಮಾನವಾದ ಸ್ಥಾನಕ್ಕೆ ಸರದಿಯಲ್ಲಿ ತಾವಿದ್ದಾಗ, ತಮಗಿಂತ ಕಿರಿಯರೊಬ್ಬರಿಗೆ ಅದು ಹೋಯಿತು. ಮಾಸ್ತಿ ರಾಜೀನಾಮೆ ಕೊಟ್ಟು ಹೊರಬಂದರು.

ಈ ಪ್ರಸಂಗವನ್ನು ಹೇಳುವವರೆಲ್ಲ ಕೊನೆಗೆ ಒಂದು ಮಾತು ಸೇರಿಸುತ್ತಾರೆ: ಬಡ್ತಿ ತಪ್ಪಿದ್ದು ಕನ್ನಡಕ್ಕೆ ಒಳ್ಳೆಯದೇ ಆಯಿತು, ಇಲ್ಲದಿದ್ದರೆ 'ಚಿಕವೀರ ರಾಜೇಂದ್ರ' ಸಿಗುತ್ತಿತ್ತೇ ಎಂದು. ನನಗೆ ಈ ಮಾತು ಒಪ್ಪಿಗೆಯಿಲ್ಲ. ಇದೇ ಸಮಾಧಾನವನ್ನು ಎಷ್ಟೋ ಕಚೇರಿಗಳಲ್ಲಿ ಎಷ್ಟೋ ಜನರಿಗೆ ಹೇಳಿದ್ದನ್ನು ಕೇಳಿದ್ದೇನೆ, ಅದರಲ್ಲೂ ಹೆಂಗಸರಿಗೆ: 'ಆಗಿದ್ದೆಲ್ಲ ಒಳ್ಳೇದಕ್ಕೇ ಅಂದ್ಕೊಳ್ಳಮ್ಮ, ಮಕ್ಕಳನ್ನ ನೋಡ್ಕೊಳ್ಳೋಕೆ ಟೈಮ್ ಸಿಗುತ್ತೆ.' ಅನ್ಯಾಯ ಮಾಡಿದವರು ಹೇಳುವ ವೇದಾಂತ ಇದು. ಮಾಸ್ತಿಯವರ ಮೊದಲ ಕಥಾಸಂಕಲನ ಬಂದದ್ದು 1920ರಲ್ಲಿ, ಸೇವೆಗೆ ಸೇರಿ ಆರು ವರ್ಷಕ್ಕೆ. 'ಸುಬ್ಬಣ್ಣ' ಬಂದದ್ದು ಸೇವೆಯಲ್ಲಿದ್ದಾಗ. 1929ರಲ್ಲಿ ಬೆಳಗಾವಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗಲೂ ಅವರು ಸರ್ಕಾರಿ ಅಧಿಕಾರಿ. ರಾಜೀನಾಮೆಯ ಮರುದಿನ ಅವರು ಸಾಹಿತಿಯಾಗಲಿಲ್ಲ. ಇಪ್ಪತ್ತು ವರ್ಷಕ್ಕೂ ಮೊದಲೇ ಕಟ್ಟಿಕೊಂಡಿದ್ದ ಇನ್ನೊಂದು ಬದುಕಿಗೆ ಪೂರ್ತಿಯಾಗಿ ಹೋದರು. 1944ರಿಂದ 1965ರವರೆಗೆ 'ಜೀವನ' ಪತ್ರಿಕೆಯನ್ನು ನಡೆಸಿದರು. 'ಚಿಕವೀರ ರಾಜೇಂದ್ರ' 1956ರಲ್ಲಿ ಬಂತು. ಅದಕ್ಕೆ 1983ರ ಜ್ಞಾನಪೀಠ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು.

ಬಡ್ತಿ ತಪ್ಪಿದಾಗ ಅವರಿಗೆ ನೋವಾಗಿರಲಿಲ್ಲವೆಂದು ನಾನು ನಂಬುವುದಿಲ್ಲ. ನೋವಾಗದವರು ರಾಜೀನಾಮೆ ಕೊಡುವುದಿಲ್ಲ. ಅವರಿಗೆ ಹುದ್ದೆಯ ಹೆಸರೊಂದೇ ಹೆಸರಾಗಿರಲಿಲ್ಲ, ಅಷ್ಟೇ. ಹೊರಗೆ ಬಂದಾಗ ಹೋಗಲು ಇನ್ನೊಂದು ಮನೆ ಇತ್ತು. ಇನ್ನೊಂದು ವಿಷಯ ಸಾಹಿತ್ಯ ಚರಿತ್ರೆಯಲ್ಲಿ ಅಷ್ಟಾಗಿ ಬರುವುದಿಲ್ಲ: ಬಸವನಗುಡಿಯ ಕ್ಲಬ್ಬಿಗೆ ದಿನಾ ಸಂಜೆ ಕೊಡೆ ಹಿಡಿದು ನಡೆದುಕೊಂಡು ಹೋಗಿ ಅವರು ಇಸ್ಪೀಟು ಆಡುತ್ತಿದ್ದರು. ಮುಪ್ಪಿನವರೆಗೂ ಬಿಡಲಿಲ್ಲ. ಇಸ್ಪೀಟು ಎಂದ ಕೂಡಲೇ ಮುಖ ಸಿಂಡರಿಸಬೇಡಿ. ನಾನು ಹೇಳುತ್ತಿರುವುದು ದುಡ್ಡು ಕಟ್ಟಿ ಆಡುವ ಮಂಡಳಿಗಳ ವಿಷಯವಲ್ಲ. ಯಾರಿಗೂ ಉಪಕಾರವಿಲ್ಲದ, ಯಾವ ಸಾಧನೆಯೂ ಅಲ್ಲದ ಒಂದು ತಾಸನ್ನು ಅಷ್ಟು ದೊಡ್ಡ ಬರಹಗಾರ ದಿನವೂ ತನಗಾಗಿ ಇಟ್ಟುಕೊಂಡಿದ್ದ ವಿಷಯ.

ನಿಜ, ಮಾಸ್ತಿಯವರಂತೆ ರಾಜೀನಾಮೆ ಬಿಸಾಕಿ ಬರುವುದು ಎಲ್ಲರಿಗೂ ಸಾಧ್ಯವಿಲ್ಲ. ಮೂವತ್ತು ವರ್ಷಕ್ಕೆ ಹತ್ತಿರದ ಸೇವೆ ಅವರ ಬೆನ್ನಿಗಿತ್ತು. ಮನೆ ಸಾಲದ ಕಂತು, ಮಗನ ಎಂಜಿನಿಯರಿಂಗ್ ಫೀಸು, ಊರಲ್ಲಿ ಅಪ್ಪನ ಬೋರ್‌ವೆಲ್ ಸಾಲ ಇಟ್ಟುಕೊಂಡ ಇವತ್ತಿನ ನೌಕರ ಬಡ್ತಿ ತಪ್ಪಿದ ಮರುದಿನವೂ ಹತ್ತು ಗಂಟೆಗೆ ಹಾಜರಿ ಹಾಕಲೇಬೇಕು. ಸರ್ಕಾರಕ್ಕೂ ಇದು ಗೊತ್ತು. ಅದಕ್ಕೇ ಹತ್ತು ವರ್ಷ, ಹದಿನೈದು ವರ್ಷ, ಇಪ್ಪತ್ತು ವರ್ಷ ಒಂದೇ ಹುದ್ದೆಯಲ್ಲಿ ಉಳಿದವರಿಗೆ ಕಾಲಮಿತಿ ಬಡ್ತಿ, ಹೆಚ್ಚುವರಿ ವೇತನ ಬಡ್ತಿ ಎಂದು ಮಾಡಿದೆ. ಸಂಬಳ ಏರುತ್ತದೆ, ಮೇಜು ಅದೇ. ಇದನ್ನು ಗೇಲಿ ಮಾಡುವವರಿದ್ದಾರೆ. ನನಗೆ ಇದು ಬುದ್ಧಿವಂತ ಏರ್ಪಾಡು ಅನ್ನಿಸುತ್ತದೆ. ಒಳ್ಳೆಯ ಕೇಸ್ ವರ್ಕರ್ ಒಳ್ಳೆಯ ಶಿರಸ್ತೇದಾರ ಆಗಲೇಬೇಕೆಂದಿಲ್ಲ. ಕಡತ ಪ್ರೀತಿಸುವವರಿಗೆ ಮನುಷ್ಯರನ್ನು ಸಂಭಾಳಿಸುವ ಕೆಲಸ ಕೊಟ್ಟು ಎರಡನ್ನೂ ಕೆಡಿಸಿದ್ದನ್ನು ನೋಡಿದ್ದೇನೆ.

ಇನ್ನು ಬೆಂಗಳೂರು. ಈ ಸಭೆಯಲ್ಲಿರುವ ಅನೇಕರ ಮಕ್ಕಳು ಅಲ್ಲಿ ದುಡಿಯುತ್ತಿದ್ದಾರೆ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2024ರ ಜುಲೈನಲ್ಲಿ ಐ.ಟಿ. ಕಂಪನಿಗಳಲ್ಲಿ ದಿನದ ದುಡಿಮೆಯನ್ನು 12 ಗಂಟೆಗೂ ಮೇಲೆ ಒಯ್ಯುವ ಪ್ರಸ್ತಾಪ ನಮ್ಮ ರಾಜ್ಯದಲ್ಲೇ ಚರ್ಚೆಗೆ ಬಂತು, ಐ.ಟಿ. ನೌಕರರ ಸಂಘ ವಿರೋಧಿಸಿತು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಮುಖ್ಯಸ್ಥರು 90 ಗಂಟೆಗೆ ಹೋದರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಕೊಟ್ಟ ಲೆಕ್ಕ ಬೇರೆ ಹೇಳುತ್ತದೆ: ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು, ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. ಇದರ ಮೇಲೆ ಚರ್ಚೆಗೆ ನನಗೇನೂ ಉಳಿದಿಲ್ಲ.

ಎಲ್ ಆ್ಯಂಡ್ ಟಿ ಮುಖ್ಯಸ್ಥರು, ಭಾನುವಾರ ಮನೆಯಲ್ಲಿ ಕೂತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂಬರ್ಥದ ಮಾತನ್ನೂ ಆಡಿದ್ದರು. ದೇಶವೆಲ್ಲ ನಕ್ಕಿತು. ನನಗೆ ಹೊಳೆದ ಪ್ರಶ್ನೆ ಬೇರೆ: ಮುಖ ತೋರಿಸುತ್ತಾ ಕೂರಲು ಹೆಂಡತಿಗೆ ಪುರುಸೊತ್ತಾದರೂ ಎಲ್ಲಿದೆ? ಕೇಂದ್ರ ಸರ್ಕಾರವೇ ನಡೆಸಿದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. ಅಂದರೆ ಐದೂವರೆಗೆ ಕಚೇರಿ ಬಿಟ್ಟ ಹೆಂಗಸು ಇನ್ನೊಂದು ಕಚೇರಿಗೆ ಹೋಗುತ್ತಾಳೆ. ಅಲ್ಲಿ ಸಾಂದರ್ಭಿಕ ರಜೆ ಇಲ್ಲ. ಬಡ್ತಿ ಕೊಟ್ಟು ಬೇರೆ ತಾಲ್ಲೂಕಿಗೆ ಹಾಕಿದರೆ ಬೇಡ ಎಂದು ಬರೆದುಕೊಡುವವರಲ್ಲಿ ನಾನು ಕಂಡಂತೆ ಹೆಂಗಸರೇ ಹೆಚ್ಚು. ಅವರಿಗೆ ಮಹತ್ವಾಕಾಂಕ್ಷೆ ಇಲ್ಲ ಎಂದು ಷರಾ ಬರೆಯುವುದು ಸುಲಭ. ರಾಜ್ಯ ಸರ್ಕಾರ 2021ರಲ್ಲಿ ಮಹಿಳಾ ನೌಕರರಿಗೆ 180 ದಿನಗಳ ಶಿಶುಪಾಲನಾ ರಜೆ ಕೊಟ್ಟಿತು, 2025ರಲ್ಲಿ ತಿಂಗಳಿಗೊಂದು ದಿನದ ವೇತನಸಹಿತ ಋತುಚಕ್ರ ರಜೆ ತಂದಿತು. ಎರಡೂ ಒಳ್ಳೆಯವು. ಆದರೆ ರಜೆ ಮಂಜೂರು ಮಾಡುವ ಕುರ್ಚಿಯಲ್ಲಿ ಕೂತವರು, 'ಮತ್ತೆ ರಜೇನಾ?' ಎಂದು ಎಲ್ಲರೆದುರು ಕೇಳಿದರೆ ಆ ಆದೇಶ ಗೆಜೆಟ್‌ನಲ್ಲೇ ಉಳಿಯುತ್ತದೆ.

ಮತ್ತೆ, ಏಣಿಯೇ ಇಲ್ಲದವರು ಇದ್ದಾರೆ. 2005ರಲ್ಲಿ ಆಶಾ ಯೋಜನೆ ಶುರುವಾಯಿತು. ದೊಣೆಹಳ್ಳಿಯಲ್ಲೋ ಬಸವನಕೋಟೆಯಲ್ಲೋ ನಡುರಾತ್ರಿ ಹೆರಿಗೆ ನೋವು ಬಂದರೆ ಮೊದಲು ಫೋನ್ ಹೋಗುವುದು ಆಶಾ ಅಕ್ಕನಿಗೆ. ಕೋವಿಡ್ ಕಾಲದಲ್ಲಿ ಬಾಗಿಲು ಬಾಗಿಲಿಗೆ ಹೋದವರು ಅವರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ನಾಯಕರು! 2025ರ ಜನವರಿಯಲ್ಲಿ ಈ ನಾಯಕರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿ ತಿಂಗಳಿಗೆ 15,000 ರೂಪಾಯಿ ಕೇಳಿದರು, 10,000ದ ಭರವಸೆ ಪಡೆದು ಊರಿಗೆ ಬಂದರು. ಅವರಿಗೆ ಕೊಡುವುದಕ್ಕೆ ಸಂಬಳ ಎಂದು ಹೆಸರಿಲ್ಲ, ಅವರಿಗೆ ಬಡ್ತಿ ಎಂಬುದಿಲ್ಲ. ಅಂಗನವಾಡಿಯವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು. ಉದ್ಯೋಗ ಮತ್ತು ಬದುಕಿನ ಸಮತೋಲನದ ಬಗ್ಗೆ ಉಪನ್ಯಾಸ ಮಾಡುವಾಗ ತಕ್ಕಡಿಯ ಒಂದು ತಟ್ಟೆಯೇ ಇಲ್ಲದ ಈ ಅಕ್ಕಂದಿರನ್ನು ಬಿಟ್ಟುಬಿಟ್ಟರೆ ಅದು ನಮ್ಮಂಥ ಪಿಂಚಣಿದಾರರ ಹರಟೆಯಾಗುತ್ತದೆ.

ದುಡಿಮೆಯ ಮಾತು ಬಂದರೆ ನಮ್ಮ ಸೀಮೆಯಲ್ಲಿ ಕಾಯಕದ ಮಾತು ಬಂದೇ ಬರುತ್ತದೆ. ಕಾಯಕವನ್ನು ಕೈಲಾಸವೆಂದು ಕರೆದ ಮಾತು ಕಚೇರಿಯ ಗೋಡೆಗಳ ಮೇಲಿದೆ. ಅದನ್ನು ಬಸವಣ್ಣನವರದೆಂದು ಹೇಳುವವರೇ ಹೆಚ್ಚು. ಅದು ಕಾಣಸಿಗುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಗೋಡೆಯ ಮೇಲೆ ಬರೆಸಿದವರು ಮಾರಯ್ಯನ ಮನೆಯ ಇನ್ನರ್ಧ ಕತೆಯನ್ನು ಬರೆಸಲಿಲ್ಲ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ರೂಢಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಇದು ನಮ್ಮ ಪಾಲಿನದಲ್ಲ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದಳು. ಅವನು ಹೋಗಿ ಸುರಿದು ಬಂದ. ದುಡಿಮೆಯನ್ನು ಅಷ್ಟು ಎತ್ತರಕ್ಕೆ ಒಯ್ದ ಮನೆಯಲ್ಲೇ ಇಷ್ಟು ಸಾಕು ಎಂಬ ಗೆರೆಯೂ ಇತ್ತು, ಗೆರೆ ಎಳೆದವಳು ಆ ಮನೆಯ ಹೆಂಗಸು. 70 ಗಂಟೆ, 90 ಗಂಟೆಗೆ ಕಾಯಕದ ಹೆಸರು ಹೇಳುವವರು ಲಕ್ಕಮ್ಮನನ್ನು ಹೊರಗೆ ನಿಲ್ಲಿಸಿ ಮಾರಯ್ಯನನ್ನು ಮಾತ್ರ ಒಳಗೆ ಕರೆದಂತೆ ಆಗುತ್ತದೆ.

ಇಷ್ಟು ಸಾಕು ಎನ್ನುವುದು ದುಡಿಯುವವರಿಗಿಂತ ಮುಂದೆ ನಿಂತವರಿಗೆ ಕಷ್ಟ. ಹಾಗೆ ಅಂದವರೊಬ್ಬರ ನೆನಪು ನಮ್ಮೂರಿಗಿದೆ. ತರಳಬಾಳು ಹುಣ್ಣಿಮೆ ಇವತ್ತು ಲಕ್ಷಾಂತರ ಜನ ಸೇರುವ ಮಹೋತ್ಸವ. 1950ರಲ್ಲಿ ಅದು ಮೊದಲು ನಡೆದದ್ದು ಇದೇ ಜಗಳೂರಿನಲ್ಲಿ ಎಂಬುದು ನಮ್ಮೂರಿನ ಹೆಮ್ಮೆ. ಅದನ್ನು ನಡೆಸಿದ ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ 1940ರಿಂದ ಪೀಠದಲ್ಲಿದ್ದವರು, ಹಳ್ಳಿ ಹಳ್ಳಿಗೆ ಶಾಲೆ ಕಟ್ಟಿಸಿದವರು. 1974ರಲ್ಲಿ, ಅರವತ್ತು ತುಂಬಿದ ವರ್ಷ, ಪೀಠದಿಂದ ನಿವೃತ್ತರಾಗುವುದಾಗಿ ಪ್ರಕಟಿಸಿದರು. ಸ್ವಾಮಿಗಳಿಗೆ ಯಾವ ಸೇವಾ ನಿಯಮಾವಳಿಯೂ ಇಲ್ಲ, ಯಾರೂ ಇಳಿಯಿರಿ ಎಂದಿರಲಿಲ್ಲ. ನಮಗಾದರೋ ಅರವತ್ತಕ್ಕೆ ನಿಯಮವೇ ಇಳಿಸುತ್ತದೆ, ಆದರೂ ನಿವೃತ್ತರಾದ ಮೇಲೆ ಹೊರಗುತ್ತಿಗೆಯಲ್ಲಿ ಅದೇ ಮೇಜಿಗೆ ಮರಳಿ ಬರಲು ಹೊಂಚು ಹಾಕುವವರು ನಮ್ಮಲ್ಲಿ ಕಡಿಮೆ ಇಲ್ಲ. ಮನೆಯಲ್ಲಿ ಕೂತರೆ ಏನು ಮಾಡುವುದು ಎಂಬ ಭಯ ಅವರಿಗೆ.

ಈ ಭಯ ಅರವತ್ತಕ್ಕೆ ಹುಟ್ಟುವುದಿಲ್ಲ, ಮೂವತ್ತರಿಂದಲೇ ಕೂಡಿಡುತ್ತಾ ಬಂದಿರುತ್ತೇವೆ. ನಮಗೆ ವರ್ಷಕ್ಕೆ 30 ದಿನ ಗಳಿಕೆ ರಜೆ, ಕೂಡಿಡಬಹುದಾದದ್ದು 300 ದಿನ. ನಿವೃತ್ತಿ ಸಮಾರಂಭಗಳಲ್ಲಿ, 'ಇವರು ಪೂರ್ತಿ 300 ದಿನ ಉಳಿಸಿದ ಪ್ರಾಮಾಣಿಕ ನೌಕರರು' ಎಂದು ಹಾರ ಹಾಕುತ್ತಾರೆ. ನಗದೀಕರಣದ ಹಣ ಮಗಳ ಮದುವೆಗೆ ಆಗುತ್ತದೆ, ನಾನು ಅಲ್ಲಗಳೆಯುವುದಿಲ್ಲ, ನಾನೂ ಪಡೆದಿದ್ದೇನೆ. ಆದರೆ ಆ 300 ದಿನಗಳಲ್ಲಿ ಮಗಳ ಶಾಲೆಯ ಎಷ್ಟು ವಾರ್ಷಿಕೋತ್ಸವ ಹೋದವು ಎಂಬುದಕ್ಕೆ ಖಜಾನೆಯಲ್ಲಿ ಲೆಕ್ಕದ ಶೀರ್ಷಿಕೆ ಇಲ್ಲ. 2019ರಲ್ಲಿ ನಾಲ್ಕನೇ ಶನಿವಾರ ರಜೆ ಕೊಟ್ಟು ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿದಾಗ ನೌಕರರು ಗೊಣಗಿದರು. ಕೊಟ್ಟ ಶನಿವಾರವನ್ನಾದರೂ ಶನಿವಾರವಾಗಿ ಉಳಿಸಿಕೊಂಡವರು ಎಷ್ಟು ಜನ?

ಕೊನೆಯದಾಗಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರು ಇಲ್ಲಿ ಹಲವರು ಬಂದಿದ್ದೀರಿ. ಕೆಲಸ ಸಿಗಲಿ. ಸೇರುವ ದಿನ ಪ್ರಭಾರ ವರದಿಗೆ ಸಹಿ ಹಾಕುವ ಮುಂಚೆ ಅದರಲ್ಲಿ ಏನೇನಿದೆ ಎಂದು ಓದಿ, ಎಣಿಸಿ ತೆಗೆದುಕೊಳ್ಳಿ. ಹೆಚ್ಚುವರಿ ಕೆಲಸವನ್ನು ಬಾಯಿಮಾತಿನಲ್ಲಿ ಕೊಟ್ಟರೆ, 'ಸಾರ್, ಒಂದು ಆದೇಶ ಮಾಡಿಕೊಡಿ' ಎಂದು ಕೇಳುವುದು ಉದ್ಧಟತನವಲ್ಲ; ಲಿಖಿತ ಆದೇಶವಿದ್ದರೆ ನಿಯಮದ ಪ್ರಕಾರ ಪ್ರಭಾರ ಭತ್ಯೆಗೂ ದಾರಿ, ನಾಳೆ ವಿಚಾರಣೆ ಬಂದರೆ ನಿಮಗೆ ರಕ್ಷಣೆಯೂ ಹೌದು. ಕೆಲಸದ ಭಾರಕ್ಕೆ ನಿದ್ದೆ ಹೋಗಿ, ಬದುಕೇ ಬೇಡ ಅನ್ನಿಸುವ ಮಟ್ಟಕ್ಕೆ ಬಂದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್, 2022ರಿಂದ ನಡೆಯುತ್ತಿರುವ ಸರ್ಕಾರದ ಉಚಿತ ಸಹಾಯವಾಣಿ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ಕಾಲದಲ್ಲಿ ಇಂಥದ್ದು ಇರಲಿಲ್ಲ. ಇದ್ದಿದ್ದರೆ ನನಗೆ ಗೊತ್ತಿದ್ದ ಕೆಲವರು ಮಾಡುತ್ತಿದ್ದರು.

ನನ್ನ ಹೊತ್ತು ಮುಗಿಯಿತು ಎಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಪ್ರಶ್ನೆಗಳಿಗೆ ಇನ್ನೂ ಅವಕಾಶವಿದೆಯಂತೆ. ಈಗಲೂ ಸೇವೆಯಲ್ಲಿದ್ದು ಹಿಂದಿನ ಸಾಲಿನಲ್ಲಿ ಕೂತಿರುವವರು ಮೊದಲು ಕೇಳಿ. ಹೆಸರು, ಇಲಾಖೆ ಹೇಳಬೇಕಾಗಿಲ್ಲ.